ಹಿತ್ತಲ ಮಣ್ಣಿನ ಗಣಪತಿ

ಲೈಬ್ರರಿಯ ಬಿಳಿ ಪರದೆಯ ಮೇಲೆ ಮೂಡಿದ ಆ ಹಳೆಯ ಫೋಟೋದಲ್ಲಿ ನನಗೆ ಮೊದಲು ಕಂಡದ್ದು ಗುಡ್ಡ. ಎಡಕ್ಕೆ ಸ್ವಲ್ಪ ಬಾಗಿ, ನೆತ್ತಿಯಲ್ಲಿ ಚಪ್ಪಟೆಯಾಗಿ, ಯಾರೋ ಕೂತು ಎದ್ದುಹೋದ ದಿಂಬಿನಂತಿರುವ ಗುಡ್ಡ. ನನ್ನ ಅಡುಗೆಮನೆಯ ಸಿಂಕಿನ ಮುಂದೆ ನಿಂತರೆ ಕಾಣುವುದು ಅದೇ. ಇಷ್ಟು ವರ್ಷ ಪಾತ್ರೆ ತೊಳೆಯುತ್ತ ನೋಡಿದ ಗುಡ್ಡದ ಗುರುತು ಸಿಗದೇ ಇರುತ್ತದೆಯೇ? ಖುಷಿಯಲ್ಲಿ ಕಾನ್ವೆಂಟ್ ಹುಡುಗಿಯ ಹಾಗೆ ಕೈ ಎತ್ತಿಬಿಟ್ಟೆ.

"ಅದು ನಮ್ಮ ಬೀದಿ!"

"ಬೀದಿ ಅಷ್ಟೇ ಅಲ್ಲ ಡಿಯರ್, ನಿಮ್ಮ ಮನೆಯೇ," ಎಂದರು ಪರದೆಯ ಪಕ್ಕ ನಿಂತಿದ್ದ ನಮ್ಮ ಪಕ್ಕದ ಮನೆಯಾಕೆ. ಕೈಯಲ್ಲಿದ್ದ ಕೋಲಿನ ತುದಿಯನ್ನು ಉದ್ದನೆಯ ಒಂದು ತಗಡಿನ ಶೆಡ್ಡಿನ ಮೇಲಿಟ್ಟರು. "ಇಲ್ಲಿ, ಸರಿಯಾಗಿ ಇಲ್ಲೇ ನೀವಿರೋದು. ಇದು ಕಸಾಯಿಖಾನೆ. ಕುರಿ ಕೊಯ್ಯುತ್ತಿದ್ದ ಜಾಗ. ನಿಮ್ಮ ಹಿತ್ತಲು ಇದೆಯಲ್ಲ, ಆ ತಗ್ಗಿಗೆ ರಕ್ತ ಹರಿದು ಹೋಗ್ತಿತ್ತು. ಸುಮ್ಮನೆ ಬರುತ್ತಾ ನಿಮ್ಮ ರೋಸ್ ಅಷ್ಟು ಚೆನ್ನಾಗಿ!"

ಎಲ್ಲರೂ ನಕ್ಕರು. ನನ್ನ ಕೈ ಇನ್ನೂ ಮೇಲೆಯೇ ಇತ್ತು ಅಂತ ಕಾಣುತ್ತದೆ. ಪಕ್ಕದ ಕುರ್ಚಿಯವರು ಮೊಣಕೈ ಮುಟ್ಟಿ ಮೆಲ್ಲಗೆ ಇಳಿಸಿದರು.

ಇದು ನಡೆದದ್ದು ಎರಡು ಸಾವಿರದ ಹತ್ತರ ನಂತರದ ಆ ದಶಕದ ನಡುವೆ ಎಲ್ಲೋ, ಚಳಿಗಾಲ ಇನ್ನೇನು ಮುಗಿಯಬೇಕು ಅನ್ನುವ ಹೊತ್ತಿಗೆ. ನಾವಿರುವುದು ವೆಲ್ಲಿಂಗ್ಟನ್ನಿನ ಉತ್ತರಕ್ಕೆ. ಜಾನ್ಸನ್‌ವಿಲ್‌ನಲ್ಲಿ ರೈಲು ಮುಗಿದ ಮೇಲೆ ಬಸ್ ಹತ್ತಿ ಏರಬೇಕು, ಆ ಗುಡ್ಡದ ಮಗ್ಗುಲಲ್ಲಿ. ತಿಂಗಳಿಗೊಮ್ಮೆ ಇಲ್ಲಿಯ ಹಳಬರು ಲೈಬ್ರರಿಯಲ್ಲಿ ಸೇರುತ್ತಾರೆ. ಟೀ, ಬಿಸ್ಕತ್ತು, ಹಳೆಯ ಫೋಟೋ. ಈ ಏರಿಯಾ ಹಿಂದೆ ಹೇಗಿತ್ತು, ಯಾವ ಅಂಗಡಿ ಎಲ್ಲಿತ್ತು, ಹಿಂಡುಹಿಂಡು ದನಗಳನ್ನು ನಡುರಸ್ತೆಯಲ್ಲೇ ಹೊಡೆದುಕೊಂಡು ಹೋಗುವಾಗ ಒಂದು ಹೋರಿ ಬಟ್ಟೆ ಅಂಗಡಿಗೆ ನುಗ್ಗಿ ಹ್ಯಾಟು ಹಾಕಿಕೊಂಡು ಹೊರಗೆ ಬಂದದ್ದು ಹೇಗೆ, ಇಂಥವು. ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದದ್ದೇ ಪಕ್ಕದ ಮನೆಯಾಕೆ. "ನಾನೇನು ಹಳಬಳಾ?" ಅಂದರೆ, "ನಿಮ್ಮ ಕೂದಲು ನೋಡಿಕೊಳ್ಳಿ," ಅಂದಿದ್ದರು.

ನಾನೂ ನನ್ನ ಪಾಲಿನದನ್ನು ಹೇಳಿದ್ದೆ. ಮದುವೆಯಾಗಿ ಮೈಸೂರಿನಿಂದ ಬಂದ ಮೊದಲ ಚಳಿಗಾಲ. ಮೂಲೆಯ ಡೈರಿಯವನಿಗೆ, ಇಲ್ಲಿ ಚಿಲ್ಲರೆ ಅಂಗಡಿಗೆ ಹಾಗನ್ನುತ್ತಾರೆ, ಕೊತ್ತಂಬರಿ ಸೊಪ್ಪು ವರ್ಣಿಸಲು ಹೋಗಿ ಪಾರ್ಸ್ಲಿ ಕಟ್ಟು ತಂದದ್ದು. ದಕ್ಷಿಣದ ಗಾಳಿಗೆ ನನ್ನ ಸೀರೆ ಸೆರಗು ಲೆಟರ್‌ಬಾಕ್ಸಿಗೆ ಸುತ್ತಿಕೊಂಡು, ಪೋಸ್ಟ್‌ಮನ್ ಬಂದು ಬಿಡಿಸಿದ್ದು. ಎಲ್ಲರೂ ಚಪ್ಪಾಳೆ ಹೊಡೆದಿದ್ದರು. ನನ್ನ ಮನೆಯವರು ಈ ಮನೆ ಕೊಳ್ಳುವಾಗ ದಿಕ್ಸೂಚಿ ಹಿಡಿದು ಬಾಗಿಲು ಪೂರ್ವಕ್ಕಿದೆಯೇ ಅಂತ ನೋಡಿದ್ದರು. ಸ್ವತಃ ಎಂಜಿನಿಯರ್, ನೆಲ ಗಟ್ಟಿ ಇದೆಯೇ ಅಂತಲೂ ನೋಡಿದ್ದರು. ನೆಲದ ಮೇಲೆ ಮೊದಲು ಏನಿತ್ತು ಅಂತ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೊಸ ದೇಶ, ಹೊಸ ಮನೆ, ಮೊದಲು ಏನೂ ಇರಲಿಲ್ಲ ಅಂತಲೇ ತಿಳಿದುಕೊಂಡಿದ್ದೆವು. ಹೌ ಸಿಲ್ಲಿ!

ಕುರಿ ಕೊಯ್ದ ಜಾಗದಲ್ಲಿ ಮನೆ ಇದೆ ಅನ್ನುವುದೊಂದೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ವಿಷಯ ಮಣ್ಣಿನದು.

ಈ ದೇಶ ಮಣ್ಣಿನ ವಿಷಯದಲ್ಲಿ ಬಹಳ ಸ್ಟ್ರಿಕ್ಟ್. ಶೂ ತಳಕ್ಕೆ ಅಂಟಿದ ಕೆಸರನ್ನೂ ಏರ್‌ಪೋರ್ಟಿನಲ್ಲಿ ಬಿಡುವುದಿಲ್ಲ, ಇನ್ನು ಊರಿನಿಂದ ಗಣಪತಿ ತರುವುದೆಲ್ಲಿ ಬಂತು? ನಮ್ಮ ಕನ್ನಡದವರು ಹಬ್ಬಕ್ಕೆ ಒಂದು ಹಿತ್ತಾಳೆಯ ಮೂರ್ತಿ ಇಟ್ಟು ಪೂಜಿಸಿ, ಅದನ್ನೇ ಬಕೆಟ್ಟಿನಲ್ಲಿ ಅದ್ದಿ ತೆಗೆದು, ಒರೆಸಿ ಡಬ್ಬಕ್ಕೆ ಹಾಕುತ್ತಿದ್ದರು. ಆಗ ಹೇಳಿದವಳು ನಾನೇ: ನಮ್ಮ ಹಿತ್ತಲಲ್ಲಿ ಒಂದು ಗುದ್ದಲಿ ಆಳಕ್ಕೆ ಎಂಥ ಜೇಡಿಮಣ್ಣಿದೆ ಗೊತ್ತಾ, ಬೆಣ್ಣೆ! ಅಲ್ಲಿಂದ ಶುರುವಾಯಿತು. ಪ್ರತಿ ವರ್ಷ ಸಂಘದ ಗಣಪತಿ ನಮ್ಮ ಹಿತ್ತಲ ಮಣ್ಣಿನದು. ಮನೆಮನೆಯ ಚಿಕ್ಕ ಗಣಪತಿಗಳಿಗೂ, ಗೌರಿಗೂ, ನಾಗರಪಂಚಮಿಗೂ ಐಸ್‌ಕ್ರೀಮ್ ಡಬ್ಬಗಳಲ್ಲಿ ತುಂಬಿಸಿ ಕೊಟ್ಟಿದ್ದೇನೆ. "ಆಂಟಿ ಮನೆ ಮಣ್ಣು, ಶುದ್ಧ," ಅನ್ನುತ್ತಿದ್ದರು. ಹಬ್ಬಕ್ಕೆ ಇನ್ನು ವಾರವೂ ಇರಲಿಲ್ಲ. ಆ ವರ್ಷದ ಗಣಪತಿ ಆಗಲೇ ತಯಾರಾಗಿ, ನಮ್ಮ ಹಾಟ್ ವಾಟರ್ ಕಬರ್ಡಿನಲ್ಲಿ, ಬಿಸಿನೀರಿನ ಸಿಲಿಂಡರಿಗೆ ಬೆನ್ನು ಕೊಟ್ಟು, ಟವೆಲ್ಲುಗಳ ನಡುವೆ ಒಣಗುತ್ತ ಕೂತಿದ್ದ. ಈ ಚಳಿಯಲ್ಲಿ ಬೇರೆಲ್ಲೂ ಮಣ್ಣು ಒಣಗುವುದಿಲ್ಲ.

ಲೈಬ್ರರಿಯಿಂದ ಏರು ಹತ್ತಿ ವಾಪಸು ಬರುವಾಗ ಪಕ್ಕದ ಮನೆಯಾಕೆ ಉತ್ಸಾಹದಲ್ಲೇ ಇದ್ದರು. ಅವರ ಅಪ್ಪ ಆ ಶೆಡ್ಡಿನಲ್ಲೇ ದುಡಿದದ್ದಂತೆ. ದಕ್ಷಿಣದ ಗಾಳಿ ಎದ್ದರೆ ಅಮ್ಮ ಬಟ್ಟೆ ಒಣಹಾಕುತ್ತಿರಲಿಲ್ಲವಂತೆ, ವಾಸನೆಗೆ. ಭಾನುವಾರ ಮಾತ್ರ ಕುರಿಗಳ ಕೂಗಿಲ್ಲದೆ ಬೆಳಗಾಗುತ್ತಿತ್ತಂತೆ. ನಾನು ಹೂಂ, ಹೂಂ ಅನ್ನುತ್ತಿದ್ದೆ. ಗೇಟಿನ ಬಳಿ, "ಯಾಕೆ ಬಿಳಿಚಿಕೊಂಡಿದ್ದೀರಿ, ಏರು ಜಾಸ್ತಿಯಾಯ್ತಾ?" ಅಂತ ಕೇಳಿದರು. ಹೌದು, ಏರು ಅಂದೆ.

ಮನೆಯೊಳಗೆ ಬಂದು ಕಬರ್ಡಿನ ಬಾಗಿಲು ತೆಗೆದೆ. ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಪ್ರತಿ ವರ್ಷ ಆ ಹೊತ್ತಿಗೆ ಬರುವ ಹಸಿಮಣ್ಣಿನ ವಾಸನೆಯೇ. ಆದರೆ ಅವತ್ತು ಮೂಗು ಅದರಲ್ಲಿ ಇನ್ನೇನೋ ಹುಡುಕಿತು. ಬಾಗಿಲು ಹಾಕಿಬಿಟ್ಟೆ. ಮೊದಲ ಸಲ, ಒಂದು ನಮಸ್ಕಾರವನ್ನೂ ಮಾಡದೆ.

ಮರುದಿನ ಅವಳು ಬಂದಳು. ಗಣಪತಿಯನ್ನು ಮಾಡುವವಳು ಅವಳೇ. ಹುಬ್ಬಳ್ಳಿ ಕಡೆಯವಳು, ಕಿಂಡರ್‌ಗಾರ್ಟನ್ನಿನಲ್ಲಿ ಟೀಚರ್, ನನ್ನ ಮಗಳ ವಯಸ್ಸಿರಬಹುದು. ಇಲ್ಲಿ ಎಲ್ಲರಿಗೂ ನಾನು ಆಂಟಿ, ಅವಳಿಗೆ ಮಾತ್ರ ಅಕ್ಕಾರು. ಮಣ್ಣು ಅಗೆಯುವುದು, ಕಲ್ಲು ಆರಿಸುವುದು, ಹದ ಮಾಡುವುದು ನನ್ನ ಕೆಲಸ; ಸೊಂಡಿಲು, ಹೊಟ್ಟೆ, ಕಿವಿ ಎಲ್ಲ ಅವಳ ಕೈಯದು. ಬಿರುಕು ಬಿಟ್ಟಿದ್ದರೆ ಒದ್ದೆ ಬಟ್ಟೆಯಿಂದ ಸವರಿ ಮುಚ್ಚಲು ಬಂದಿದ್ದಳು.

"ಏನಂತಾನ್ರಿ ನಮ್ಮ ದೊಡ್ಡಹೊಟ್ಟಿ? ಬೆನ್ನು ಕಾಸ್ಕೊಂಡ್ ಆರಾಮ್ ಅದಾನಿಲ್ಲೋ?" ಅಂತ ಬಾಗಿಲಲ್ಲೇ ಶೂ ಬಿಚ್ಚುತ್ತ ಕೂಗಿದಳು.

ನಾನು ಕೂರಿಸಿ ಎಲ್ಲ ಹೇಳಿದೆ. ಶೆಡ್ಡು, ತಗ್ಗು, ರಕ್ತ. ಅವಳು ಮೊದಲು ಬಾಯಿ ಮುಚ್ಚಿಕೊಂಡಳು. ಆಮೇಲೆ ಬೆರಳಸಂದಿಯಿಂದ ನಗು ಹೊರಬಿತ್ತು.

"ಅಯ್ಯ ಶಿವನ! ಅಕ್ಕಾರ, ಇಷ್ಟ್ ವರ್ಷ ನಾವ್ ಕುರಿಮಣ್ಣಾಗ ಗಣಪ್ಪನ್ ಮಾಡೀವಿ ಅನ್ನ್ರಿ ಹಂಗಾರ!"

"ನಗಬೇಡ ಕಣೇ. ನಂಗೆ ರಾತ್ರಿಯೆಲ್ಲ ನಿದ್ದೆ ಇಲ್ಲ."

"ಅದು ಯಾವ್ ಕಾಲದ್ದೋ ಏನೋ. ಮಳಿ ಬಂದ್ ತೊಳ್ಕೊಂಡ್ ಹೋಗಿರ್ತೈತಿ ಬಿಡ್ರಿ. ಯಾರಿಗೂ ಹೇಳಬ್ಯಾಡ್ರಿ."

"ಹೇಳದೇ ಹ್ಯಾಗಿರ್ಲಿ? ದೇವರ ವಿಷಯ. ಇದನ್ನ ಈ ಸಲ ಇಡೋಕಾಗಲ್ಲ ನೋಡಮ್ಮ. ಮೈಲಿಗೆ ಮಣ್ಣು."

ಅವಳ ನಗು ನಿಂತಿತು. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಮಡಚಿದಳು, ಮತ್ತೆ ಬಿಚ್ಚಿದಳು.

"ಅಕ್ಕಾರ, ನಾವ್ ಐತಾರಕ್ಕೊಮ್ಮೆ ಕುರಿ ತಿನ್ನಾವ್ರು. ನಿಮಗ ಗೊತ್ತಿಲ್ಲೇನು?"

"ಗೊತ್ತು. ಅದಕ್ಕೂ ಇದಕ್ಕೂ..."

"ಕೊಯ್ಯೋದೂ ಗೊತ್ತೈತಿ ನನಗ. ಸಣ್ಣಾಕಿದ್ದಾಗ ನಮ್ಮಪ್ಪಗ ಕಾಲ್ ಹಿಡ್ಕೊಂಡ್ ನಿಂತಾಕಿ ನಾ. ಈ ಕೈಲೇನೇ." ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದಳು. "ಈ ಕೈ ನಿಮ್ಮ ಗಣಪ್ಪಗ ನಡೀತೈತಿ. ಕುರಿ ತುಳಿದಿದ್ ಮಣ್ಣ್ ನಡ್ಯಂಗಿಲ್ಲೇನ್ರಿ?"

ಆನೆಸ್ಟ್ಲಿ, ಇದರ ಮುಂದೆ ಪರದೆಯ ಮೇಲೆ ಆ ಶೆಡ್ಡು ನೋಡಿದಾಗ ಬಡಿದ ಶಾಕ್ ಏನೂ ಅಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಎಲೊಕ್ಯೂಶನ್ ಕಲಿಸಿದ್ದರು, ಯಾವ ಸಭೆಯಲ್ಲೂ ಮಾತಿಗೆ ತಡವರಿಸಬಾರದು ಅಂತ. ನನ್ನದೇ ಅಡುಗೆಮನೆಯಲ್ಲಿ, ಬಿಡಿಸಿಟ್ಟ ಎರಡು ಕೈಗಳ ಮುಂದೆ ನಾಲಿಗೆ ಅಂಟಿಕೊಂಡು ಕೂತೆ. "ನಡೀತದೆ" ಅನ್ನಬೇಕಿತ್ತು. "ಹಾಗಲ್ಲಮ್ಮ, ನಾನು ಹೇಳಿದ್ದು ಮಣ್ಣಿನ ಮಾತು," ಅಂದೆ.

"ಹೌದ್ರಿ. ಮಣ್ಣಿನ್ ಮಾತಽ," ಅಂದಳು. ಶೂ ಹಾಕಿಕೊಂಡು ಹೋದಳು. ಟೀ ಒಲೆಯ ಮೇಲೆಯೇ ಕುದಿಯುತ್ತಿತ್ತು.

ಆ ಸಂಜೆ ಪುರೋಹಿತರಿಗೆ ಫೋನ್ ಮಾಡಿದೆ. ಪುರೋಹಿತರು ಅಂದರೆ ವಾರವಿಡೀ ಸಾಫ್ಟ್‌ವೇರ್, ಶನಿವಾರ ಭಾನುವಾರ ಪಂಚೆ, ಬೆಂಗಳೂರಿನ ಹುಡುಗ. ಎಲ್ಲ ಕೇಳಿಸಿಕೊಂಡ.

"ಆಂಟಿ, ಆಕ್ಚುಯಲಿ ನೀವು ನಂಗೆ ಹೇಳ್ಬಾರ್ದಿತ್ತು."

"ಯಾಕಪ್ಪ?"

"ಗೊತ್ತಿಲ್ದೇ ಇದ್ದಿದ್ರೆ ದೋಷ ಇರ್ಲಿಲ್ಲ. ಈಗ ನಂಗೆ ಗೊತ್ತಾಯ್ತಲ್ಲ. ಗೊತ್ತಿದ್ದೂ ಪ್ರಾಣಪ್ರತಿಷ್ಠೆ ಮಾಡಿದೆ ಅಂತ ನಾಳೆ ಯಾರಾದ್ರೂ ಹಿಡ್ಕೊಂಡ್ರೆ?"

"ಹಾಗಾದ್ರೆ ಏನು ಮಾಡೋದು?"

"ಅರಿಶಿನದ ಗಣಪತಿ ಇಟ್ಬಿಡೋಣ, ಶಾಸ್ತ್ರಕ್ಕೆ ಧಾರಾಳವಾಗಿ ನಡೆಯುತ್ತೆ. ಮಣ್ಣಿಂದು ಪ್ರತಿಷ್ಠೆ ಆಗೋವರ್ಗೂ ಬರೀ ಬೊಂಬೆನೇ ಆಂಟಿ. ನೀವು ತಲೆ ಕೆಡಿಸ್ಕೋಬೇಡಿ."

ಬರೀ ಬೊಂಬೆ. ಅಷ್ಟು ಸುಲಭವಾಗಿ ಮುಗಿದುಹೋಯಿತು. ಫೋನ್ ಇಟ್ಟ ಮೇಲೆ, ನಾನು ಬಯಸಿದ್ದೇ ಆಯಿತಲ್ಲ ಅಂದುಕೊಂಡೆ. ಆದರೂ ಹೋಗಿ ಕಬರ್ಡಿನ ಬಾಗಿಲು ಹಾಕಿದೆಯೇ ಅಂತ ನೋಡಿ ಬಂದೆ.

ಗೌರಿಯ ದಿನ ಮತ್ತೆ ಬಂದಳು ಅವಳು. ಗಂಡನ ಯೂಟ್ ತಂದಿದ್ದಳು, ಹಿಂದಿನ ತೆರೆದ ಪೆಟ್ಟಿಗೆಯಲ್ಲಿ ಏಣಿ, ಪೇಂಟಿನ ಡಬ್ಬ. ಒಳಗೆ ಬರಲಿಲ್ಲ.

"ಪುರೋಹಿತ್ರು ಮೆಸೇಜ್ ಹಾಕ್ಯಾರ. ನಿಮಗ ಬ್ಯಾಡಾಗಿದ್ರ ನನಗ ಕೊಡ್ರಿ. ನಮ್ಮನ್ಯಾಗ ಇಟ್ಕೋತೀನಿ."

"ಬೇಡ ಅಂತ ನಾನೆಲ್ಲಿ ಅಂದೆ?"

"ಮತ್ತ ನಿಮ್ಮನ್ಯಾಗಽ ಇಟ್ಟ್ ಪೂಜಿ ಮಾಡ್ತೀರೇನು?"

ನಾನು ಕಬರ್ಡಿನ ಬಾಗಿಲು ತೆಗೆದೆ. ಅವಳು ದೊಡ್ಡ ಟವೆಲ್ಲಿನಲ್ಲಿ ಅವನನ್ನು ಸುತ್ತಿ, ಸ್ನಾನ ಮಾಡಿಸಿದ ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡಳು. ಹಿಂದೆ ಇಡಲಿಲ್ಲ. ಮುಂದಿನ ಸೀಟಿನಲ್ಲಿ ಕೂರಿಸಿ ಸೀಟ್‌ಬೆಲ್ಟ್ ಹಾಕಿದಳು. "ಟವೆಲ್ ನಾಳೆ ಒಗದ್ ಕಳಸ್ತೀನ್ರಿ," ಅಂದಳು. ಅಷ್ಟೇ. ಯೂಟ್ ಇಳಿಜಾರಿನಲ್ಲಿ ಬಹಳ ನಿಧಾನವಾಗಿ ಇಳಿದು ಹೋಯಿತು, ಕಿಟಕಿಯಲ್ಲಿ ನನ್ನ ಹಳದಿ ಟವೆಲ್ಲು ಕಾಣುತ್ತ.

ಹಬ್ಬದ ದಿನ ಹಾಲ್ ತುಂಬಿತ್ತು. ಸ್ಟೇಜಿನ ಮೇಲೆ ಎಂದಿನ ಮಂಟಪ, ಎಂದಿನ ಬಣ್ಣದ ದೀಪ. ನಡುವೆ ಬೆಳ್ಳಿತಟ್ಟೆ, ಅಕ್ಕಿ, ವೀಳ್ಯದೆಲೆ, ಅದರ ಮೇಲೆ ಹೆಬ್ಬೆರಳಷ್ಟು ಅರಿಶಿನದ ಮುದ್ದೆ. ದೂರದಿಂದ ಮಂಟಪ ಖಾಲಿಯೆಂದೇ ಕಾಣುತ್ತಿತ್ತು. ಮುಂದಿನ ಸಾಲಿನ ಒಂದು ಪುಟ್ಟ ಹುಡುಗಿ ಅಮ್ಮನ ಸೀರೆ ಜಗ್ಗಿದಳು.

"ವೇರ್ ಈಸ್ ಗಣೇಶ?"

"ಅಲ್ಲೇ ಇದಾನಲ್ಲ ಪುಟ್ಟಿ, ಯೆಲ್ಲೋ ಯೆಲ್ಲೋ."

"ದಟ್ಸ್ ಜಸ್ಟ್ ಎ ಲಂಪ್, ಅಮ್ಮ."

ಕೆಲವರು ನಕ್ಕರು. ಸುದ್ದಿ ಎಲ್ಲರಿಗೂ ತಲುಪಿತ್ತು ಅನ್ನುವುದು ಆ ನಗುವಿನಲ್ಲೇ ತಿಳಿಯಿತು. ನಾನು ಬಾಳೆಹಣ್ಣು ಹೆಚ್ಚಲು ಅಡುಗೆಕೋಣೆಗೆ ಹೋದೆ. ಅಲ್ಲಿ ಕೋಸಂಬರಿ ಕಲಸುತ್ತಿದ್ದ ಒಬ್ಬರು, ಬಹಳ ಒಳ್ಳೆಯವರು, ನನಗೆ ಫ್ಲೂ ಬಂದಾಗ ವಾರಗಟ್ಟಲೆ ಸಾರು ತಂದುಕೊಟ್ಟವರು, ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟರು.

"ಒಂದ್ ರೀತಿ ಒಳ್ಳೇದೇ ಆಯ್ತು ಬಿಡಿ ಆಂಟಿ. ನೀವಾಗೇ ಸ್ಟಾಪ್ ಮಾಡಿದ್ರಿ. ಮಣ್ಣು ಹಾಗಿರ್ಲಿ, ಮಾಡೋ ಕೈ ಎಂಥದ್ದು ಅಂತಾನೂ ನೋಡ್ಬೇಕಲ್ವಾ? ನಾವು ಯಾರೂ ಬಾಯಿ ಬಿಟ್ಟು ಹೇಳಿರ್ಲಿಲ್ಲ ಅಷ್ಟೇ."

ಚಾಕು ಬಾಳೆಹಣ್ಣಿನ ಮೇಲೆಯೇ ನಿಂತಿತು. ಅವರು ಎಷ್ಟು ಪ್ರೀತಿಯಿಂದ ಹೇಳಿದರೆಂದರೆ, ನನ್ನ ಮನಸ್ಸಿನಲ್ಲಿರುವುದನ್ನೇ ನನಗೆ ಹೇಳಿಕೊಡುವಂತೆ! ನಾನು ಮಣ್ಣಿನ ಮಾತು ಅಂದುಕೊಂಡದ್ದು ಇವರಿಗೆಲ್ಲ ಕೇಳಿಸಿದ್ದು ಹೀಗೆ. ಅವಳಿಗೂ ಹೀಗೆಯೇ. ಒಳಗಿಂದ ಬೆಂಕಿ ಎದ್ದಂತಾಯಿತು. ಚಾಕು ಕೆಳಗಿಟ್ಟು ಹೊರಗೆ ಬಂದೆ.

ಪಕ್ಕದ ಮನೆಯಾಕೆ ಎಂದಿನಂತೆ ಬಂದು ಎರಡನೇ ಸಾಲಿನಲ್ಲಿ ಕೂತಿದ್ದರು, ನಾನು ಕೊಟ್ಟ ಹಸಿರು ಶಾಲು ಹೊದ್ದು, ಮೊಟ್ಟೆ ಹಾಕದ ಶಾರ್ಟ್‌ಬ್ರೆಡ್ ಬಿಸ್ಕತ್ತಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು. "ಎಲ್ಲಿ ನಿಮ್ಮ ದಪ್ಪ ಗೆಳೆಯ?" ಅಂತ ಕೇಳಿದರು.

ಹೇಳಲೇಬೇಕಾಯಿತು. ಇಂಗ್ಲಿಷಿನಲ್ಲಿ ಹೇಳುವಾಗ ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಮೈಲಿಗೆಗೆ ಒಂದು ಡೀಸೆಂಟ್ ಮಾತು ನನಗೆ ಸಿಗಲಿಲ್ಲ. ಆ ಜಾಗದ ಮಣ್ಣು ದೇವರಿಗೆ ಕ್ಲೀನ್ ಅಲ್ಲವಂತೆ, ಅಂದೆ.

ಅವರ ಕೆನ್ನೆ ಕೆಂಪಾಯಿತು. "ನನ್ನ ಅಪ್ಪ ಅಲ್ಲಿ ಕೆಲಸ ಮಾಡ್ತಿದ್ದರು ಅಂತ ಹೇಳಿದ್ದೆನಲ್ಲ," ಅಂದರು.

"ಹೌದು."

"ಆ ಶೆಡ್ಡಿನ ಕೂಲಿಯಲ್ಲೇ ನಾವೆಲ್ಲ ಬೆಳೆದದ್ದು. ಈ ಬೀದಿಯ ಅರ್ಧ ಜನ. ನಾನು ನಿಮಗೆ ಅದನ್ನ ಹೆಮ್ಮೆಯಿಂದ ತೋರಿಸಿದೆ. ಪ್ರತಿ ವರ್ಷ ನಮ್ಮ ಜಾಗದ ಮಣ್ಣು ಅಲ್ಲಿ ಹೂವು ಹಾಕಿಕೊಂಡು ಕೂರುತ್ತೆ ಅಂತ ನನಗೆ ಎಷ್ಟು... ಅಯ್ಯೋ, ಲವ್, ನಾನು ಬಾಯಿ ಬಿಡಲೇಬಾರದಿತ್ತು."

ಒಂದೇ ವಾರದಲ್ಲಿ ಇಬ್ಬರನ್ನು ನೋಯಿಸಿದ್ದೆ. ಪುರೋಹಿತನನ್ನೂ ಸೇರಿಸಿದರೆ, ಯಾರೂ ಹೇಳಬಾರದಿತ್ತು, ಯಾರಿಗೂ ಗೊತ್ತಾಗಬಾರದಿತ್ತು ಅನ್ನುವವರೇ ಎಲ್ಲ. ಸ್ಟೇಜಿನ ಮೇಲೆ ಗಂಟೆ ಶುರುವಾಯಿತು.

"ನಿಮ್ಮ ಕಾರ್ ಇದೆಯಾ?" ಅಂತ ಕೇಳಿದೆ.

"ಇದೆ. ಯಾಕೆ?"

"ನನ್ನನ್ನ ಒಂದು ಕಡೆ ಬಿಡಬೇಕು. ಈಗಲೇ."

ಮಂಗಳಾರತಿಗೆ ಎಲ್ಲರೂ ಎದ್ದು ನಿಲ್ಲುವಾಗ ನಾವಿಬ್ಬರು ಮುದುಕಿಯರು ಸಾಲಿನಿಂದ ತೂರಿಕೊಂಡು ಹೊರಬಂದೆವು. ಎಲ್ಲರೂ ನೋಡಿದರು. ನೋಡಲಿ.

ಅವಳ ಮನೆ ಗುಡ್ಡದ ಆಚೆ ಬದಿಗೆ. ಗ್ಯಾರೇಜಿನ ಬಾಗಿಲು ಮೇಲಕ್ಕೆತ್ತಿತ್ತು. ಒಳಗೆ ಸರ್ಫ್‌ಬೋರ್ಡ್, ಹುಲ್ಲು ಕತ್ತರಿಸುವ ಮೆಷಿನ್. ನಡುವೆ ಟೇಬಲ್, ಟೇಬಲ್ ಮೇಲೆ ಅವನು. ಕೊರಳಲ್ಲಿ ಕಮೀಲಿಯಾ ಹೂವಿನ ಹಾರ. ಅವಳು ರೇಷ್ಮೆ ಸೀರೆಯುಟ್ಟು, ಕೈಯಲ್ಲಿ ಫೋನ್ ಹಿಡಿದು ನಿಂತಿದ್ದಳು. ಗಂಡ ಒಂದು ಸ್ಟೂಲಿನ ಮೇಲೆ ಬೆವರೊರೆಸಿಕೊಳ್ಳುತ್ತ ಕೂತಿದ್ದ.

"ಅಲ್ಲಿ ಮಂಗಳಾರತಿ ಆತೇನ್ರಿ?" ಅಂದಳು. ಬನ್ನಿ ಅನ್ನಲಿಲ್ಲ.

"ಗೊತ್ತಿಲ್ಲ. ನಾನು ಎದ್ದು ಬಂದೆ."

ನನ್ನನ್ನು ನೋಡಿದಳು, ನನ್ನ ಹಿಂದೆ ತಟ್ಟೆ ಹಿಡಿದು ನಿಂತಿದ್ದ ಪಕ್ಕದ ಮನೆಯಾಕೆಯನ್ನು ನೋಡಿದಳು.

"ನಮ್ಮದಿನ್ನೂ ಆಗಿಲ್ಲ. ಯೂಟ್ಯೂಬ್‌ನಾಗ ಮಂತ್ರ ಹಚ್ಚಿದ್ದೆ. ಪ್ರಾಣಪ್ರತಿಷ್ಠೆ ನಡುವಽ ಇನ್ಶೂರೆನ್ಸ್ ಜಾಹೀರಾತ್ ಬಂತು." ಗಂಡ ಕಿಸಕ್ಕನೆ ನಕ್ಕ, ಅವಳು ನಗಲಿಲ್ಲ. "ನಿಮಗ ಬರ್ತಾವೇನು ಮಂತ್ರ?"

ನನಗೆಲ್ಲಿ ಬರುತ್ತವೆ? ಕಾನ್ವೆಂಟಿನಲ್ಲಿ ಕಲಿತ ಪ್ರೇಯರುಗಳು ಇವತ್ತಿಗೂ ತಪ್ಪಿಲ್ಲದೆ ಬರುತ್ತವೆ. ಗಣಪತಿಯದು ಎರಡು ಸಾಲಿನ ಒಂದು ಶ್ಲೋಕ, ಅಷ್ಟೇ. ಮಂತ್ರ ಹೇಳುವುದು ಮನೆಯಲ್ಲಿ ಯಾವಾಗಲೂ ಗಂಡಸರ ಕೆಲಸ.

"ಬರಲ್ಲ," ಅಂದೆ.

"ಮತ್ತ ಹೆಂಗ್ ಕರಿಯೋದ್ ಇವನ್ನ?"

ಪುರೋಹಿತ ಹೇಳಿದ್ದ, ಕರೆಯುವವರೆಗೂ ಬರೀ ಬೊಂಬೆ ಅಂತ. ಅವಳು ದಾರಿ ಬಿಡದೆ ಟೇಬಲ್ಲಿನ ಮುಂದೆಯೇ ನಿಂತಿದ್ದಳು. ಅವಳ ಪಕ್ಕಕ್ಕೆ ಹೋಗಿ ನಿಂತೆ. ಸೊಂಡಿಲಿನ ತಿರುವಿನಲ್ಲಿ ಅವಳ ಬೆರಳಿನ ಗುರುತು ಹಾಗೇ ಇತ್ತು, ಒಣಗಿ ಗಟ್ಟಿಯಾಗಿ. ನಾನು ಬಗ್ಗಿ, ಆ ಗುರುತಿನ ಮೇಲೆ ಕೈಯಿಟ್ಟೆ. ಮಕ್ಕಳನ್ನು ಊಟಕ್ಕೆ ಕರೆಯುವ ದನಿಯೇ ಬಂತು.

"ಬಾರಪ್ಪ. ಬಂದು ಕೂತ್ಕೋ."

ಹೊರಗೆ ಗಾಳಿ ಬೀಸುತ್ತಿತ್ತು. ಅವಳು ಊದಿನಕಡ್ಡಿ ಹಚ್ಚಲು ಬೆಂಕಿಪೊಟ್ಟಣ ಎತ್ತಿಕೊಂಡಳು. ನನ್ನ ಕಡೆ ತಿರುಗಲಿಲ್ಲ.

"ಇನ್ನೊಮ್ಮೆ ಅನ್ರಿ ಅಕ್ಕಾರ," ಅಂದಳು. "ಗಟ್ಟಿಯಾಗಿ. ಅವಗ ಕೇಳಿಸ್ಲಿಲ್ಲ."